ಲೇಯವ್ವನ ಮಗಳ ಹಣೆ

ನಮ್ಮೂರಿನಲ್ಲಿ ದೀಕ್ಷಾಸ್ನಾನದ ನೀರು ಒಣಗುವುದಿಲ್ಲ. ಪಾದ್ರಿಗಳು ಕೂಸಿನ ಹಣೆಗೆ ಮೂರು ಸಲ ನೀರು ಮುಟ್ಟಿಸಿದರೆ ಅಲ್ಲಿ ಎಂಟಾಣೆಯಷ್ಟು ಅಗಲದ ಒದ್ದೆ ನಿಲ್ಲುತ್ತದೆ. ಆ ಜೀವ ಹೋಗುವ ತನಕ ಅದು ಇರುತ್ತದೆ. ಒರೆಸಿದರೆ ಹೋಗುತ್ತದೆ, ಹತ್ತು ಎಣಿಸುವಷ್ಟರಲ್ಲಿ ಮತ್ತೆ ಬರುತ್ತದೆ. ಅದು ಬೆವರಲ್ಲ, ಅದರಲ್ಲಿ ಉಪ್ಪಿಲ್ಲ. ಚಿಕ್ಕಂದಿನಲ್ಲಿ ನಾವು ಒಬ್ಬರ ಹಣೆಯನ್ನೊಬ್ಬರು ನೆಕ್ಕಿ ಈ ವಿಷಯವನ್ನು ಖಾತ್ರಿ ಮಾಡಿಕೊಂಡಿದ್ದೇವೆ, ಅದಕ್ಕಾಗಿ ಏಟನ್ನೂ ತಿಂದಿದ್ದೇವೆ.

ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅದು ಮುಖದ ಮೇಲಿನ ಮೂಗಿನಷ್ಟೇ ಮಾಮೂಲು. ನಮ್ಮ ಕೇರಿಯ ತಲೆದಿಂಬುಗಳಿಗೆಲ್ಲ ಒಂದು ಥರದ ಮುಗ್ಗಲು ವಾಸನೆ ಇರುತ್ತದೆ, ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇವೆ. ಮದುವೆಯ ಹುಡುಗಿಗೆ ಎಷ್ಟೇ ಪೌಡರ್ ಬಳಿದರೂ ಹಣೆಯ ನಡುವೆ ಮಾತ್ರ ನಿಲ್ಲುವುದಿಲ್ಲ. ಫೋಟೋ ಸ್ಟುಡಿಯೋದ ಸಾಹೇಬರು ನಮ್ಮವರನ್ನು ಕೂರಿಸಿ, ಹಣೆ ಒರೆಸಿ, ಒಂಬತ್ತು ಎಣಿಸುವುದರೊಳಗೆ ಪಟ ತೆಗೆಯುವುದನ್ನು ಕಲಿತುಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಮಾತ್ರ ನಮ್ಮ ಬೆಲೆ ಏರುತ್ತದೆ. ಪಕ್ಕದ ಓಣಿಯ ಮಕ್ಕಳು ಬಂದು ನಮ್ಮ ಹಣೆಗೆ ಅಂಗೈ ಒತ್ತಿ ತಂಪು ಮಾಡಿಕೊಂಡು ಓಡುತ್ತವೆ. ಸತ್ತವರ ಹಣೆ ಒಣಗುತ್ತದೆ. ಹಾಗಾಗಿ ನಮ್ಮೂರ ಡಾಕ್ಟರು ನಾಡಿ ಹಿಡಿಯುವ ಮೊದಲು ಹಣೆ ಮುಟ್ಟಿ ನೋಡುತ್ತಾರೆ.

ನಾನು ಯೋಬಪ್ಪ. ಚರ್ಚಿನ ಗಂಟೆ ಹೊಡೆಯುವುದು, ಕಸ ಗುಡಿಸುವುದು, ದೀಕ್ಷಾಸ್ನಾನದ ಹಿತ್ತಾಳೆ ಬೋಗುಣಿಗೆ ನೀರು ತುಂಬುವುದು ನನ್ನ ಕೆಲಸ. ಇವೆಲ್ಲಕ್ಕಿಂತ ಗತ್ತಿನ ಕೆಲಸ ಇನ್ನೊಂದಿತ್ತು. ಮೂರು ತಿಂಗಳಿಗೊಮ್ಮೆ ಕರ್ತನ ಭೋಜನದ ಭಾನುವಾರ ಬರುತ್ತದೆ. ಅಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಬರುವವರ ಹಣೆಯನ್ನು ನಾನು ಬಾಗಿಲಲ್ಲೇ ನಿಂತು ಟವೆಲ್ಲಿನಿಂದ ಒರೆಸಿ ಹತ್ತು ಎಣಿಸಬೇಕು. ಒದ್ದೆ ಮರಳಿ ಬಂದರೆ ಒಳಗೆ ಬಿಡಬೇಕು, ಬಾರದಿದ್ದರೆ ಹಿಂದಕ್ಕೆ ಕಳಿಸಬೇಕು. ನಮ್ಮಜ್ಜನ ಕಾಲದಲ್ಲಿ ಯಾವನೋ ಮನೆಯಿಂದಲೇ ಹಣೆಗೆ ನೀರು ಚಿಮುಕಿಸಿಕೊಂಡು ಬಂದು ಭೋಜನ ತೆಗೆದುಕೊಂಡನಂತೆ, ಅಂದಿನಿಂದ ಬಂದದ್ದು ಈ ಟವೆಲ್ಲು. ಊರ ಹೆಡ್‌ಮಾಸ್ತರರೂ ನನ್ನ ಮುಂದೆ ತಲೆ ಬಾಗಿಸಿ ನಿಲ್ಲುತ್ತಿದ್ದರು. ನಾನು ಬೇಕೆಂದೇ ನಿಧಾನವಾಗಿ ಎಣಿಸುತ್ತಿದ್ದೆ.

ಸುಳ್ಳೇಕೆ ಹೇಳಲಿ, ನನಗೆ ನಂಬಿಕೆ ಎಂಬುದು ಇರಲಿಲ್ಲ. ನನ್ನ ಹಣೆ ಒದ್ದೆಯಾಗಿಯೇ ಇತ್ತು, ಹುಟ್ಟಿದ ಇಪ್ಪತ್ತನೆಯ ದಿನಕ್ಕೆ ಅಪ್ಪ ಎತ್ತಿಕೊಂಡು ಹೋಗಿ ನೀರು ಮುಟ್ಟಿಸಿದ್ದ. ಆದರೆ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಮಾಡಿನ ಜಂತಿಗಳನ್ನು ನೋಡುತ್ತ ಕೂರುವವ. ಭೋಜನದ ಭಾನುವಾರವಂತೂ ಎಲ್ಲರನ್ನೂ ಒಳಗೆ ಬಿಟ್ಟು ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಅಡಿಕೆ ಅಗಿಯುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎಂದು ನನ್ನ ಹೆಂಡತಿ ರೂತವ್ವ ಆಡಿಕೊಳ್ಳುತ್ತಿದ್ದಳು. ಕತ್ತಲೆಯಲ್ಲಿ ಕೂತವನಿಗೆ ತಂಪು ಎಂದು ನಾನು ನಗುತ್ತಿದ್ದೆ.

ಬೋಗುಣಿಗೆ ತುಂಬುವ ನೀರನ್ನು ಭಾನುವಾರ ಬೆಳಿಗ್ಗೆಯೇ ಚರ್ಚಿನ ಹಿಂದಿನ ಬಾವಿಯಿಂದ ಸೇದಬೇಕೆಂಬ ಕಟ್ಟಳೆ. ಆ ಬಾವಿ ಪಾತಾಳ. ಹಗ್ಗ ಎಳೆದು ಎಳೆದು ರಟ್ಟೆ ಬಿದ್ದುಹೋಗುತ್ತಿತ್ತು. ಅದಕ್ಕೇ ನಾನು ಶನಿವಾರವೇ ಒಂದು ತಂಬಿಗೆ ಸೇದಿ ತಂದು ಮನೆಯ ಮೂಲೆಯಲ್ಲಿ ಮುಚ್ಚಿಡುತ್ತಿದ್ದೆ, ಭಾನುವಾರ ಒಂದು ಗಳಿಗೆ ಹೆಚ್ಚು ಮಲಗುತ್ತಿದ್ದೆ. ರೂತವ್ವ ಮಗ್ಗ ನೇಯುವವಳು. ನೂಲಿಗೆ ಹಾಕುವ ಗಂಜಿಯ ತಿಳಿಯನ್ನು ಅವಳೂ ಅದೇ ಮೂಲೆಯಲ್ಲಿ, ಅಂಥದೇ ತಂಬಿಗೆಯಲ್ಲಿ ಇಡುತ್ತಿದ್ದಳು. ಒಂದು ಭಾನುವಾರ ಗಡಿಬಿಡಿಯಲ್ಲಿ ನಾನು ಅವಳ ತಂಬಿಗೆಯನ್ನೇ ಎತ್ತಿಕೊಂಡು ಹೋದೆ. ಆಗಿನ ಪಾದ್ರಿಗಳಿಗೆ ವಯಸ್ಸಾಗಿತ್ತು, ಕಣ್ಣಿನಲ್ಲಿ ಪೊರೆ. ಅವರು ಗಂಜಿಯ ತಿಳಿಯಲ್ಲೇ ಬೆರಳದ್ದಿ ಒಂದು ಹೆಣ್ಣುಕೂಸಿಗೆ ದೀಕ್ಷಾಸ್ನಾನ ಕೊಟ್ಟರು. ಎಲ್ಲರೂ ಹೋದ ಮೇಲೆ ಬೋಗುಣಿ ತೊಳೆಯುವಾಗ ನನ್ನ ಬೆರಳಿಗೆ ಅಂಟು ಅಂಟಾಯಿತು, ಮೂಸಿ ನೋಡಿದರೆ ಗಂಜಿ.

ಹೇಳಬೇಕೆಂದುಕೊಂಡೆ. ಪಾದ್ರಿಗಳು ಊಟಕ್ಕೆ ಕೂತಿದ್ದಾರೆ, ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ನಾಳೆಯಾಯಿತು. ನಾಳೆ ಅಂದವನ ಮನೆ ಹಾಳು ಎಂಬ ಗಾದೆ ನನಗೂ ಗೊತ್ತು, ಆದರೆ ಇಲ್ಲಿ ಹಾಳಾಗುತ್ತಿದ್ದದ್ದು ಬೇರೆಯವರ ಮನೆ. ಮುಂದಿನ ಭಾನುವಾರ ಆ ಕೂಸಿನ ತಾಯಿ ಲೇಯವ್ವ ಕೂಸನ್ನೆತ್ತಿಕೊಂಡು ಚರ್ಚಿಗೆ ಬಂದಳು. ನಾನು ಕಳ್ಳನಂತೆ ಹತ್ತಿರ ಹೋಗಿ ನೋಡಿದೆ. ಕೂಸಿನ ಹಣೆ ಒದ್ದೆಯಾಗಿಯೇ ಇತ್ತು. ಗಂಜಿಗೂ ನೀರಿಗೂ ದೇವರು ಭೇದ ಮಾಡುವುದಿಲ್ಲ, ಒಳ್ಳೆಯವನು ಅಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಲೇಯವ್ವ ನಮ್ಮ ಕೇರಿಯ ಕೊನೆಯ ಮನೆಯವಳು. ಮಗಳು ಹೊಟ್ಟೆಯಲ್ಲಿದ್ದಾಗಲೇ ಗಂಡ ಹಂಚಿನ ಕಾರ್ಖಾನೆಯಲ್ಲಿ ಗೋಡೆ ಕುಸಿದು ಸತ್ತ. ಅವಳು ಮಗ್ಗದ ಕೂಲಿಯಿಂದ ಮಗಳನ್ನು ಸಾಕಿದಳು. ಮಗಳ ಹೆಸರು ತಬಿತಾ. ಎಲ್ಲರ ಮಕ್ಕಳೂ ಅವರಿವರ ಮನೆಯಲ್ಲಿ ಉಂಡು ಮಲಗುತ್ತಿದ್ದರೆ, ಲೇಯವ್ವ ಮಾತ್ರ ತನ್ನ ಮಗಳನ್ನು ಒಂದು ದಿನವೂ ಹೊರಗೆ ಮಲಗಲು ಬಿಟ್ಟವಳಲ್ಲ. ಒಬ್ಬಳೇ ಮಗಳು, ಅವಳ ಮೇಲೇ ಜೀವ ಇಟ್ಟುಕೊಂಡಿದ್ದಾಳೆ ಎಂದು ಊರು ಅಂದುಕೊಂಡಿತ್ತು.

ತಬಿತಾಳಿಗೆ ಹದಿನೈದು ತುಂಬಿದಾಗ ಅವಳು ಮೊದಲ ಸಲ ಭೋಜನಕ್ಕೆ ಬಂದಳು. ನಾನು ಹಣೆ ಒರೆಸಿ ಎಣಿಸತೊಡಗಿದೆ. ಏಳಕ್ಕೆ ಒದ್ದೆ ಬಂತು. ಆದರೆ ಅದು ಎಲ್ಲರಿಗೂ ಬರುವಂತೆ ಚರ್ಮದಿಂದ ಮೂಡಲಿಲ್ಲ, ಕೂದಲಿನ ಅಂಚಿನಿಂದ ಕೆಳಗೆ ಇಳಿಯಿತು. ನಾನು ನೇಯುವವಳ ಗಂಡ, ನೆನೆದ ನೂಲು ನೀರು ಬಿಡುವ ರೀತಿ ನನಗೆ ಗೊತ್ತಿಲ್ಲವೇ? ಬೈತಲೆಯ ಕೆಳಗೆ ಯಾರೋ ಹತ್ತಿಯ ನೂಲಿನ ಸಣ್ಣ ಲಡಿಯನ್ನು ನೆನೆಸಿ ಅಡಗಿಸಿಟ್ಟಿದ್ದರು. ತಲೆಯೆತ್ತಿ ನೋಡಿದರೆ ಹಿಂದೆ ಲೇಯವ್ವ ನಿಂತಿದ್ದಳು. ಆ ಮುಖವನ್ನು ನಾನು ಈಗಲೂ ಮರೆತಿಲ್ಲ. ಉಳಿದ ಮೂರನ್ನೂ ಎಣಿಸಿ, ಒಳಗೆ ಹೋಗು ಅಂದೆ.

ಅಲ್ಲಿಂದ ನಾಲ್ಕು ವರ್ಷ ಹೀಗೇ ನಡೆಯಿತು. ಪ್ರತಿ ಸಲ ನಾನು ಮೆಲ್ಲಗೆ ಒರೆಸುತ್ತಿದ್ದೆ, ಲಡಿಗೆ ಟವೆಲ್ಲು ತಾಗದಂತೆ ನೋಡಿಕೊಳ್ಳುತ್ತಿದ್ದೆ. ಇದನ್ನು ನಾನು ನನ್ನ ದೊಡ್ಡತನ ಅಂದುಕೊಂಡಿದ್ದೆ. ದೊಡ್ಡತನವೂ ಅಲ್ಲ, ಮಣ್ಣೂ ಅಲ್ಲ. ಲೇಯವ್ವನ ಗುಟ್ಟು ಹೊರಬಿದ್ದರೆ ನನ್ನ ತಂಬಿಗೆಯೂ ಹೊರಬೀಳುತ್ತಿತ್ತು, ಅಷ್ಟೇ.

ಲೇಯವ್ವನ ಎದೆಯಲ್ಲಿ ನೀರು ತುಂಬಿದ್ದು ಹೋದ ವರ್ಷ. ಕಾಲು ಬಾತುಕೊಂಡವು, ಮಲಗಿದರೆ ಉಸಿರು ಆಡುತ್ತಿರಲಿಲ್ಲ. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ಒಂದು ಬುಧವಾರ ಬೆಳಿಗ್ಗೆ ತಬಿತಾ ನಮ್ಮ ಮನೆಗೆ ಬಂದು, ಅವ್ವ ಕರೆಯುತ್ತಿದ್ದಾಳೆ, ಒಬ್ಬರೇ ಬರಬೇಕಂತೆ ಅಂದಳು. ನಮ್ಮ ಈಗಿನ ಪಾದ್ರಿಗಳು, ತಿಮೊಥಿ ಅಯ್ಯನವರು, ಸುತ್ತಲಿನ ಹಳ್ಳಿಗಳಿಗೆ ಹೋಗಿದ್ದರು. ಶನಿವಾರಕ್ಕೆ ಮೊದಲು ಮರಳುವಂತಿರಲಿಲ್ಲ.

ಲೇಯವ್ವ ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ಚಿಂದಿ ಬಟ್ಟೆ. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ನನಗೆ ವಿಷಯ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಮಗಳ ಹಣೆ ನೋಡಿದ್ದಾಳೆ, ಒಂದು ದಿನವೂ ಒದ್ದೆ ಇಲ್ಲ. ಚಿಂದಿ ಅದ್ದಿ ಅದ್ದಿ ತಾನೇ ಒದ್ದೆ ಮಾಡಿದ್ದಾಳೆ. ಮಗಳು ದೊಡ್ಡವಳಾದ ಮೇಲೆ ಲಡಿಯ ಉಪಾಯ ಹುಡುಕಿದ್ದಾಳೆ. ಇನ್ನು ತಾನು ಹೋಗುವವಳು. ತಾನು ಹೋದ ಮೇಲೆ ಬಾಗಿಲಲ್ಲಿ ಮಗಳನ್ನು ತಡೆಯಬಾರದು, ಅಷ್ಟೇ ಅವಳ ಕೇಳಿಕೆ. ಆಮೇಲೆ ಯಾರಿಗೂ ಹೇಳದ್ದನ್ನು ನನಗೆ ಹೇಳಿದಳು.

"ತಪ್ಪು ನಂದ ಯೋಬಣ್ಣ. ಅವತ್ತ ನೀರು ಮುಟ್ಟಿಸೂ ಮುಂದ ಅಯ್ನೋರು, ದೇವರನ್ನ ನಂಬ್ತೀಯೇನಂತ ನನ್ನ ಕೇಳಿದ್ರು. ಗಂಡನ್ನ ಮಣ್ಣಾಗ ಇಟ್ಟು ಎರಡು ತಿಂಗಳಾಗಿತ್ತು. ಬಾಯಿಲೆ ಹೌದ್ರಿ ಅಂದೆ, ಮನಸಿನ್ಯಾಗ ಇಲ್ಲ ಅಂದೆ. ಮರುದಿನ ಕೂಸಿನ ಹಣಿ ಮ್ಯಾಲ ಬಿಳೀ ಹಕ್ಕಳಿ ಎದ್ದಿತ್ತು. ಉಗುರಿಲೆ ಕೆರದು ತಗದೆ. ನಾ ಸುಳ್ಳ ಹೇಳಿದ್ದಕ್ಕ ಮಗಳಿಗೆ ರಕ್ಷಣಿ ತಪ್ಪಿತು."

ಬಿಳಿ ಹಕ್ಕಳೆ ಅಂದರೆ ಒಣಗಿದ ಗಂಜಿ. ಆಗಲವ್ವಾ, ನಾನು ತಡೆಯುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟು ಎದ್ದೆ. ಅವಳು ಕೇಳಿದ್ದು ಇಷ್ಟೇ, ನಾನು ಒಪ್ಪಿದ್ದೂ ಆಯಿತು, ಇನ್ನೇನು? ಹೊಸಿಲು ದಾಟಿ ಒಂದು ಚಪ್ಪಲಿ ಮೆಟ್ಟಿದೆ. ಒಳಗೆ ಅವಳು ಮಗಳನ್ನು ಕರೆದು, ಬಾ, ಹಣೆ ಒಣಗಿರಬೇಕು ಅನ್ನುವುದು ಕೇಳಿಸಿತು. ಉಸಿರಿಗೆ ಉಸಿರು ಕೂಡದವಳು ಚಿಂದಿ ಹಿಂಡುವ ಸದ್ದೂ ಕೇಳಿಸಿತು. ಇನ್ನೊಂದು ಚಪ್ಪಲಿ ಮೆಟ್ಟಲು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತು ತಂಬಿಗೆಯ ಕಥೆಯನ್ನು ಪೂರ್ತಿ ಹೇಳಿದೆ. ಮಲಗುವ ಆಸೆಗೆ ಶನಿವಾರ ನೀರು ತರುತ್ತಿದ್ದದ್ದು, ಬೋಗುಣಿಯ ಅಂಟು, ಏಳಕ್ಕೆ ಬಂದ ಒದ್ದೆ, ಏನನ್ನೂ ಬಿಡಲಿಲ್ಲ.

ಅವಳು ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿಕೊಂಡಿದ್ದೆ. ಮೊದಲು ಮಾತಾಡಿದವಳು ತಬಿತಾ. ಇಷ್ಟು ವರ್ಷ ಅವ್ವನನ್ನು ಸಾಯಿಸಿದಿರಿ ಕಾಕಾ, ಅಂದಳು. ದನಿ ಎತ್ತರಿಸಲೂ ಇಲ್ಲ. ಲೇಯವ್ವ ಅವಳ ಕೈ ಹಿಡಿದು ಸುಮ್ಮನಿರಿಸಿ ನನ್ನನ್ನು ಕೇಳಿದಳು, ಹಾಗಾದರೆ ಅದು ನನ್ನ ಮಾತಿನಿಂದ ಒಣಗಿದ್ದಲ್ಲವೇ? ಅಲ್ಲ ಅಂದೆ. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಅಲ್ಲ ಅಂದೆ. ಅವಳು ಕಂಬಕ್ಕೆ ತಲೆ ಆನಿಸಿ ಅಳತೊಡಗಿದಳು. ಅಳು ನಡುವೆಯೇ ನಗುವಾಯಿತು, ನಗು ಕೆಮ್ಮಾಯಿತು. ಗಂಜಿಯೊಳಗೆ ಅದ್ದಿದರೆ ನೂಲಾದರೂ ಗಟ್ಟಿಯಾಗುತ್ತದೆ, ನನ್ನ ಮಗಳು ಅದಕ್ಕೇ ಇಷ್ಟು ಗಟ್ಟಿ ಅಂದಳು.

ಕೆಮ್ಮು ನಿಂತ ಮೇಲೆ ಅವಳ ದನಿ ಬೇರೆಯಾಯಿತು. ಈಗಲೇ ಬಾವಿಗೆ ಹೋಗಿ ನೀರು ತಾ, ತಬಿತಾಳಿಗೆ ನೀನೇ ದೀಕ್ಷಾಸ್ನಾನ ಕೊಡು ಅಂದಳು. ನಾನು ಗಾಬರಿಯಾದೆ. ಅಯ್ಯನವರು ಶನಿವಾರ ಬರುತ್ತಾರೆ ಅಂದೆ. ನಾನು ಶನಿವಾರ ನೋಡುವುದಿಲ್ಲ ಅಂದಳು. ಜೀವಕ್ಕೆ ಅಪಾಯವಿದ್ದರೆ ಮಾತ್ರ ನಮ್ಮಂಥವರು ಕೊಡಬಹುದು, ಹುಡುಗಿ ಗುಂಡುಕಲ್ಲಿನ ಹಾಗೆ ಇದ್ದಾಳೆ ಅಂದೆ. ಅಪಾಯ ನನಗಿದೆಯಲ್ಲ, ಸಾಲದೇ ಅಂದಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ನಾ ಕೊಟ್ರ ಅದು ಹತ್ತೂದಿಲ್ಲ ತಂಗಿ. ನನಗ ನಂಬಿಕಿ ಇಲ್ಲ."

"ನಿನ್ನ ನಂಬಿಕಿ ಯಾರು ಕೇಳಿದ್ರು?" ಅಂದಳು ಲೇಯವ್ವ. "ನೀ ನೀರು ತಾ. ನಂಬಿಕಿ ನಮ್ಮ ಕಡೆ ಐತಿ."

ಆ ದಿನ ನಾನು ಹಗ್ಗ ಎಳೆದಷ್ಟು ಜೀವಮಾನದಲ್ಲಿ ಎಳೆದಿಲ್ಲ. ಮೊದಲ ಕೊಡ ಸೇದಿ ತಂಬಿಗೆ ತೊಳೆದೆ, ಎರಡನೆಯದರಿಂದ ಮತ್ತೆ ತೊಳೆದೆ, ಮೂರನೆಯದನ್ನು ತುಂಬಿಕೊಂಡೆ. ಬೆರಳದ್ದಿ ತಿಕ್ಕಿ ನೋಡಿದೆ. ಸಾಲದೆಂದು ಒಂದು ಗುಟುಕು ಕುಡಿದೂ ನೋಡಿದೆ. ದಾರಿಯಲ್ಲಿ ಯಾರೋ ಮಾತಾಡಿಸಿದರು, ನಾನು ತಂಬಿಗೆಯಿಂದ ಕಣ್ಣು ಎತ್ತಲಿಲ್ಲ.

ತಬಿತಾ ತಲೆ ತೊಳೆದು, ಲಡಿ ಬಿಚ್ಚಿ ಮೂಲೆಗೆ ಹಾಕಿ, ಅವ್ವನ ಪಕ್ಕದಲ್ಲಿ ಮಂಡಿಯೂರಿದ್ದಳು. ನನಗೆ ಇನ್ನೂ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಅವಳೇ, ತಂಬಿಗೆ ಗಟ್ಟಿಯಾಗಿ ಹಿಡಿಯಿರಿ ಕಾಕಾ, ನೀರು ಚೆಲ್ಲುತ್ತದೆ ಅಂದಳು. ಕೇಳಬೇಕಾದ ಪ್ರಶ್ನೆ ನಾನು ನೂರಾರು ಸಲ ಕೇಳಿಸಿಕೊಂಡದ್ದೇ, ಬಾಯಿಪಾಠ ಇತ್ತು. ತಬಿತಾ, ನೀನು ನಂಬುತ್ತೀಯಾ ಎಂದು ಕೇಳಿದೆ. ನಂಬುತ್ತೇನೆ ಅಂದಳು. ಅಂಥ ಸರಾಗವಾದ ಉತ್ತರವನ್ನು ನಾನು ಆ ಚರ್ಚಿನಲ್ಲಿ ಕೇಳಿದ್ದಿಲ್ಲ. ಆಮೇಲೆ ನನಗೆ ಏನು ಹೊಳೆಯಿತೋ, ತಾಯಿಯ ಕಡೆ ತಿರುಗಿ ಅವಳನ್ನೂ ಅದೇ ಪ್ರಶ್ನೆ ಕೇಳಿದೆ. ಲೇಯವ್ವ ಮಗ್ಗವನ್ನು ನೋಡಿದಳು, ಗೋಡೆಯ ಮೇಲಿದ್ದ ಗಂಡನ ಪಟವನ್ನು ನೋಡಿದಳು.

"ನಂಬ್ತೀನಿ," ಅಂದಳು. "ಈ ಸಲ ಖರೇನ."

ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಮುಟ್ಟಿಸಿದೆ. ಆಮೇಲೆ ಹಳೆಯ ಚಾಳಿಯಂತೆ ಹೆಗಲ ಟವೆಲ್ಲಿಗೆ ಕೈ ಹಾಕಿದೆ. ಒರೆಸಿ ಹತ್ತು ಎಣಿಸಿದರೆ ಗೊತ್ತಾಗಿಬಿಡುತ್ತಿತ್ತು. ಲೇಯವ್ವ ನನ್ನ ಕೈ ತಡೆದಳು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. "ಹತ್ತೊಂಬತ್ತು ವರ್ಷ ನೋಡೀನಿ, ಸಾಕು," ಅಂದಳು. "ಇನ್ನ ನಾ ನೋಡೂದಿಲ್ಲ. ತಬಿತಾ, ಸೆರಗ ಹೊದ್ಕೊ." ಮಗಳು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಒಲೆ ಹೊತ್ತಿಸಲು ಎದ್ದಳು. ನಾವು ಮೂವರೂ ಚಹಾ ಕುಡಿದೆವು.

ಶುಕ್ರವಾರ ಮಧ್ಯಾಹ್ನ ಲೇಯವ್ವ ಹೋದಳು. ನಾನೂ ರೂತವ್ವನೂ ಅಲ್ಲೇ ಇದ್ದೆವು. ಹಣೆ ಒಣಗುವುದನ್ನು ಕಂಡು ರೂತವ್ವ ಅಳತೊಡಗಿದಳು. ತಬಿತಾ ಅಳಲಿಲ್ಲ. ಬಟ್ಟಲಿನಲ್ಲಿದ್ದ ಚಿಂದಿಯನ್ನು ಅದ್ದಿ ಹಿಂಡಿ ಅವ್ವನ ಹಣೆಯನ್ನು ಒದ್ದೆ ಮಾಡಿದಳು. ಅದು ಒಣಗಿತು. ಮತ್ತೆ ಮಾಡಿದಳು. ಹೆಣದ ಪೆಟ್ಟಿಗೆ ಬರುವ ತನಕ ಮಾಡುತ್ತಲೇ ಇದ್ದಳು, ಯಾರೂ ಬೇಡ ಅನ್ನಲಿಲ್ಲ.

ಅಯ್ಯನವರು ಬಂದ ಮೇಲೆ ಅವರಿಗೂ ಸಭೆಯ ಹಿರಿಯರಿಗೂ ನಾನೇ ಎಲ್ಲವನ್ನೂ ಹೇಳಿದೆ. ಹಿರಿಯರು ಎರಡು ಸಂಜೆ ಕೂತು ಜಗ್ಗಾಡಿದರು. ಗಂಜಿಯದು ಲೆಕ್ಕಕ್ಕೆ ಬರುತ್ತದೆ ಎಂದು ಕೆಲವರು, ಬರುವುದಿಲ್ಲ ಎಂದು ಕೆಲವರು. ಯೋಬಪ್ಪ ಕೊಟ್ಟದ್ದು ದೀಕ್ಷಾಸ್ನಾನವಾದರೆ ನಾಳೆ ನಮ್ಮ ಎಮ್ಮೆ ಕಾಯುವವನೂ ಕೊಡುತ್ತಾನೆ ಎಂದು ಒಬ್ಬರು. ಕಡೆಗೆ ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಭೋಜನದ ಭಾನುವಾರ ಎಲ್ಲರೆದುರು ಹುಡುಗಿಯ ಹಣೆ ಒರೆಸಿ ನೋಡುವುದು, ಒದ್ದೆ ಬಂದರೆ ಒಳಗೆ, ಇಲ್ಲದಿದ್ದರೆ ಮೊದಲಿನಿಂದ ಪಾಠ ಕಲಿತು ಅಯ್ಯನವರಿಂದ ಮತ್ತೆ ದೀಕ್ಷಾಸ್ನಾನ ಪಡೆಯಬೇಕು. ಒರೆಸಬೇಕಾದವನು ನಾನೇ.

ಆ ಭಾನುವಾರ ನಾನು ಗಂಟೆ ಹೊಡೆದು ಬಾಗಿಲಲ್ಲಿ ನಿಂತೆ. ಹಿರಿಯರು ನನ್ನ ಹಿಂದೆ ಸಾಲಾಗಿ ನಿಂತಿದ್ದರು, ಅಯ್ಯನವರೂ ಇದ್ದರು. ತಬಿತಾ ಬಿಳಿ ಸೀರೆಯುಟ್ಟು, ಸೆರಗನ್ನು ಹುಬ್ಬಿನ ತನಕ ಹೊದ್ದು ಬಂದಳು. ನನ್ನ ಮುಂದೆ ನಿಂತು, ಸೆರಗು ಸರಿಸಲೇನ್ರಿ ಕಾಕಾ ಎಂದು ಕೇಳಿದಳು. ಅವಳಲ್ಲಿ ಅಂಜಿಕೆ ಇರಲಿಲ್ಲ, ಕೆಚ್ಚೂ ಇರಲಿಲ್ಲ. ನನಗೆ ಗೋಡೆಯ ಕಡೆ ತಿರುಗಿದ ಲೇಯವ್ವನ ಮುಖ ನೆನಪಾಯಿತು. ಅವಳಿಗೆ ನೋಡುವ ಆಸೆ ಇರಲಿಲ್ಲವೇ? ಹತ್ತೊಂಬತ್ತು ವರ್ಷ ಆ ಹಣೆಯೊಂದನ್ನೇ ಕಾದವಳು ಅವಳು. ಅವಳೇ ನೋಡದೆ ಬಿಟ್ಟದ್ದನ್ನು ನೋಡಲು ನಾನು ಯಾರು?

"ಬ್ಯಾಡವ್ವಾ," ಅಂದೆ. "ಒಳಗ ನಡಿ."

ಹಿಂದೆ ಹಿರಿಯರು ಗುಜುಗುಜು ಮಾಡಿದರು. ನಾನು ಟವೆಲ್ಲನ್ನು ಮಡಚಿ ಅಯ್ಯನವರ ಕೈಗೆ ಕೊಟ್ಟು, ನೋಡಬೇಕಾದರೆ ನೀವೇ ನೋಡಿರಿ, ನನಗೆ ಬೇಡ, ನಾನು ನಂಬಿದ್ದೇನೆ ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ತಡವಾಗಿ ಗೊತ್ತಾಯಿತು. ಅಯ್ಯನವರು ಟವೆಲ್ಲನ್ನು ನೋಡಿದರು, ಹುಡುಗಿಯನ್ನು ನೋಡಿದರು, ನನ್ನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಅದನ್ನು ತಮ್ಮ ಉದ್ದ ಅಂಗಿಯ ಜೇಬಿಗೆ ತುರುಕಿಕೊಂಡು, ಹೊತ್ತಾಯಿತು, ಆರಾಧನೆ ಸುರುಮಾಡೋಣ ಎಂದು ಒಳಗೆ ನಡೆದರು. ಅಲ್ಲಿಂದೀಚೆಗೆ ನಮ್ಮ ಬಾಗಿಲಲ್ಲಿ ಯಾರೂ ಟವೆಲ್ಲು ಹಿಡಿದು ನಿಂತಿಲ್ಲ.

ಊರಿನವರು ಈಗಲೂ ನನ್ನನ್ನು ಕೇಳುತ್ತಾರೆ, ಒದ್ದೆಯೋ ಒಣಗಿದ್ದೋ, ನಿನಗೆ ಗೊತ್ತಿರಲೇಬೇಕು ಎಂದು. ತಬಿತಾ ದಿನಾ ನಮ್ಮ ಮನೆಗೆ ಬಂದು ರೂತವ್ವನ ಜೊತೆ ಮಗ್ಗಕ್ಕೆ ಕೂರುತ್ತಾಳೆ, ತಲೆಗೆ ವಸ್ತ್ರ ಕಟ್ಟಿರುತ್ತಾಳೆ. ತಲೆ ಬಾಚುವವಳು ರೂತವ್ವ, ಅವಳಿಗೆ ಗೊತ್ತಿರಬಹುದು. ನಾನು ಕೇಳಿಲ್ಲ.

ಆ ಭಾನುವಾರ ಎಲ್ಲರೂ ಒಳಗೆ ಹೋದ ಮೇಲೆ ನಾನು ಎಂದಿನಂತೆ ಕಟ್ಟೆಯ ಕಡೆ ಹೊರಟಿದ್ದೆ. ತಬಿತಾ ಬಾಗಿಲಲ್ಲೇ ನಿಂತಿದ್ದಳು. ನೀವು ಬರುವುದಿಲ್ಲವೇ ಕಾಕಾ ಎಂದು ಕೇಳಿದಳು. ನಾನು ಬಾಯಲ್ಲಿದ್ದ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಅವಳ ಹಿಂದೆ ಒಳಗೆ ಹೋದೆ. ನನ್ನ ಹಣೆಯನ್ನು ಯಾರೂ ಒರೆಸಿ ನೋಡಲಿಲ್ಲ.